ಎರಡನೆಯ ಸಲ ಓದಿದ ಸಂಖ್ಯೆ

ವಾಸಂತಿಯವರೇ, ನಿಮ್ಮ ಲೆಕ್ಕ ಕೆಟ್ಟಿರಲಿಲ್ಲ — ಕೆಡಿಸಿದವನು ನಾನು. ಬೇಕೆಂದೇ ಕೆಡಿಸಿದೆ.

ಅರವತ್ತರ ದಶಕದ ವಡೋದರಾ. ಕಾರ್ಖಾನೆಗಳ ಕಟ್ಟಡ ವಿನ್ಯಾಸ ಮಾಡುವ ಕಚೇರಿ. ನಾನು ಧಾರವಾಡದವನು, ನೀವು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನವರ ಮಗಳು. ಇಬ್ಬರೂ ತಾತ್ಕಾಲಿಕ, ಕಾಯಂ ಆಗುವ ಜಾಗ ಒಂದೇ. ಕಂಬ ತೊಲೆ ಕೂಡುವ ಒಂದೊಂದು ಗಂಟೂ ಭಾರಕ್ಕೆ ಎಷ್ಟು ತಿರುಗುತ್ತದೆ ಎಂದು ಕಂಡುಹಿಡಿಯುವುದು ನಮ್ಮ ಕೆಲಸ. ಮೊದಲು ಒಂದು ಊಹೆ. ಒಂದನ್ನು ತಿದ್ದಿದರೆ ಉಳಿದವು ಅಲುಗುತ್ತವೆ, ಅವನ್ನೂ ತಿದ್ದಬೇಕು, ಮತ್ತೆ ಮೊದಲಿನಿಂದ — ಸುತ್ತು ಸುತ್ತಿಗೂ ತಪ್ಪು ಸಣ್ಣದಾಗುತ್ತ ಬರಬೇಕು. ನಿಮ್ಮ ಕೈಯಲ್ಲಿ ಅದು ಬೇಗ ಇಳಿಯುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು ನನಗೆ.

ಈ ಗಂಟು ಆ ಗಂಟನ್ನು ಎಷ್ಟು ಎಳೆಯುತ್ತದೋ ಅದೂ ಇದನ್ನು ಅಷ್ಟೇ ಎಳೆಯುತ್ತದೆ. ಹಾಗಾಗಿ ಈ ಎಳೆತಗಳ ಕೋಷ್ಟಕದ ಅರ್ಧವನ್ನಷ್ಟೇ ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಎರಡೂ ಕಡೆ ಬರೆದುಕೊಳ್ಳುವುದು ರೂಢಿ. ಅಂದು ಓದುತ್ತ ಒಂದು ದಶಮಾಂಶದ ಚುಕ್ಕೆ ಬಿಟ್ಟೆ. ಅದು ಬಾಯಿತಪ್ಪು, ನಿಜ. ತಪ್ಪು ಎರಡೂ ಕಡೆ ಒಂದೇ ಆಗಿ ಕೂತಿತು. ಹೋಲಿಸಿ ನೋಡಿದರೂ ಸಿಕ್ಕುವಂತಿರಲಿಲ್ಲ. ನೀವು ಪೆನ್ಸಿಲು ನಿಲ್ಲಿಸಿದಿರಿ.

"ಇಷ್ಟು ದೊಡ್ಡದುಂಟಾ? ಇನ್ನೊಮ್ಮೆ ನೋಡಿ ಹೇಳ್ತೀರಾ?"

ನೋಡಿದೆ. ಚುಕ್ಕೆ ಕಾಣಿಸಿತು. ಅದೇ ತಪ್ಪು ಸಂಖ್ಯೆಯನ್ನು ಮತ್ತೆ ಓದಿದೆ.

"ನನ್ನ ಕಣ್ಣು ಸರಿ ಅದಾವ್ರೀ. ನೀವು ನಿಮ್ಮ ಲೆಕ್ಕಾ ನೋಡ್ಕೋರಿ."

ಕಾಗದ ಕಸಿದು ನೋಡಬಹುದಿತ್ತು ನೀವು. ನಂಬಿದಿರಿ — ಪರಊರಿನಲ್ಲಿ ಕನ್ನಡ ಮಾತಾಡುವವನೊಬ್ಬ ಎಂದು.

ಮುಂದೆ ಲೆಕ್ಕ ಮಾಡುವ ಯಂತ್ರದ ಹಿಡಿಕೆ ತಿರುಗಿಸಿದ್ದೇ ತಿರುಗಿಸಿದ್ದು. ಬೆರಳಿಗೆ ಬಟ್ಟೆ ಸುತ್ತಿಕೊಂಡಿರಿ. ತಪ್ಪು ಇಳಿಯುವ ಬದಲು ಏರಿತು. "ಹೋಟೆಲಿನವರ ಲೆಕ್ಕ, ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ" ಎಂದು ಎಲ್ಲರಿಗೂ ತಿಳಿಯುವ ಹಿಂದಿಯಲ್ಲಿ ಅಂದೆ, ಕಚೇರಿಯೆಲ್ಲ ನಕ್ಕಿತು. ನಿಮ್ಮ ಕಣ್ಣು ತುಂಬಿದ್ದು ನೋಡಿ ನನಗೆ ಸುಖವಾಯಿತು — ಇನ್ನೂ ಯಾಕೆ ಸುಳ್ಳು ಹೇಳಲಿ. ಸಾಹೇಬರು ನಿಮ್ಮನ್ನು ಕೆಲಸದಿಂದ ಬಿಡಿಸಿ ಕೋಷ್ಟಕವನ್ನು ನನಗೆ ಕೊಟ್ಟರು. ಚುಕ್ಕೆ ಇಟ್ಟೆ. ಉತ್ತರ ಬಂತು, ಕೆಲಸವೂ ಕಾಯಂ ಆಯಿತು.

ವರ್ಷಗಳ ಮೇಲೆ ಸೂರತ್ತಿನಲ್ಲಿ ನಿಮ್ಮ ಗಂಡನ ಹೋಟೆಲಿಗೆ ಬಂದಿದ್ದೆ. ಉಪಚಾರ ಮಾಡಿ ಕೂರಿಸಿದಿರಿ. ನಿಮ್ಮ ಪುಟ್ಟ ಮಗಳು ಪಾಟಿ ಹಿಡಿದು ಬಂದು, ಲೆಕ್ಕ ಹೇಳಿಕೊಡು ಎಂದು ಗುಜರಾತಿಯಲ್ಲಿ ನಿಮ್ಮನ್ನು ಕೇಳಿದಳು.

"ಈ ಮಾಮನ ಹತ್ರ ಕೇಳು. ಅಮ್ಮನ ತಲೆಗೆ ಲೆಕ್ಕ ಹತ್ತುವುದಿಲ್ಲ," ಅಂದಿರಿ.

ನಾನು ಪಾಟಿ ಈಸಿಕೊಂಡು ಆ ಮಗುವಿಗೆ ಕೂಡಿಸುವುದನ್ನು ಹೇಳಿಕೊಟ್ಟೆ.