ಭಾನುವಾರದ ಸ್ಕೂಲು

ಶಾಂತಿಗ್ರಾಮದ ನಮ್ಮ ಬೀದಿಯಲ್ಲಿ ಮರುದೇವಿ ಅಂದರೆ ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು. ಮದುವೆಯಾದ ವರ್ಷವೇ ಗಂಡ ತೀರಿಕೊಂಡ. ಅಂದಿನಿಂದ ಅಣ್ಣ ಆದಿರಾಜಯ್ಯನ ಮನೆಯ ಒಲೆ, ಬಾವಿ, ಆಚೆಗೆ ಬಸದಿ, ಇಷ್ಟೇ ಅವಳ ಪ್ರಪಂಚ. ಓದು ಬರಹ ಇಲ್ಲ. ಬಸದಿಯಲ್ಲಿ ಯಾರಾದರೂ ಪುರಾಣ ಓದುವಾಗ ಪುಸ್ತಕವನ್ನು ಹಸಿದವಳಂತೆ ನೋಡುತ್ತಿದ್ದಳು. ನೋಡಿದರೆ ಹೊಟ್ಟೆ ತುಂಬುತ್ತದೆಯೇ?

ಅಣ್ಣನ ಮಗಳು ಜ್ವಾಲಾಮಾಲಿನಿ, ಹೆಸರು ಅವಳಿಗಿಂತ ಉದ್ದ. ತಾಯಿಯಿಲ್ಲದ ಮಗು, ಅತ್ತೆಯ ಸೆರಗು ಬಿಟ್ಟು ಹಿತ್ತಿಲಿಗೂ ಹೋಗುತ್ತಿರಲಿಲ್ಲ. ಯುದ್ಧ ಶುರುವಾದ ವರ್ಷ ಅವಳನ್ನು ಸ್ಕೂಲಿಗೆ ಹಾಕುವ ಮಾತು ಬಂತು. ಆದಿರಾಜಯ್ಯ ಷರತ್ತು ಹಾಕಿದ.

“ಒಂದಿನ ಅತ್ಕಂಡು ಬಂದ್ರೂ ಮುಗೀತು ಕಣಮ್ಮ. ಹೆಣ್ಮಗ, ಮನೇಲೇ ಇರ್ಲಿ.”

ಎಳೆ ಹೋರಿಗೆ ಮೊದಲು ಬರೀ ನೊಗ ಹಾಕಿ ಅಡ್ಡಾಡಿಸುತ್ತಾರೆ, ನೇಗಿಲು ಕಟ್ಟುವುದು ಆಮೇಲೆ. ಮಗುವಿನ ಭಯವನ್ನೂ ಹಾಗೇ ಬಿಡಿಸೋಣವೆಂದು ಮರುದೇವಿ ಮೇಷ್ಟ್ರು ಪರಮಶಿವಯ್ಯನವರಿಂದ ಬೀಗದಕೈ ಇಸಿದುಕೊಂಡು, ಭಾನುವಾರ ಭಾನುವಾರ ಅವಳನ್ನು ಸ್ಕೂಲಿಗೆ ಕರೆದೊಯ್ದಳು. ಮಗು ಮೇಷ್ಟ್ರ ಕುರ್ಚಿಯಲ್ಲಿ ಕೂತಿತು, ಗಂಟೆ ಬಾರಿಸಿತು, ಅತ್ತೆಯನ್ನು ನೆಲದ ಮೇಲೆ ಕೂರಿಸಿ ಗದರಿತು. ಸ್ಕೂಲು ಬಹಳ ಇಷ್ಟವಾಯಿತು. ಉಪಾಯ ಫಲಿಸಿತೆಂದು ಮರುದೇವಿ ಬೀದಿಗೆಲ್ಲ ಹೇಳಿಕೊಂಡಳು.

ಸೇರಿಸುವ ಸೋಮವಾರ ಹೋದರೆ ಕುರ್ಚಿಯಲ್ಲಿ ಪರಮಶಿವಯ್ಯನವರು, ನೆಲದ ತುಂಬ ಮಕ್ಕಳು. ಜ್ವಾಲಾಮಾಲಿನಿ ಬಾಗಿಲಲ್ಲೇ ನಿಂತಳು.

“ಇವ್ರೆಲ್ಲ ಯಾಕತ್ತೆ ಬಂದವ್ರೆ? ಕಳ್ಸು.”

ಯಾರೂ ಹೋಗಲಿಲ್ಲ. ಮಗುವಿನ ತುಟಿ ಅದುರತೊಡಗಿತು. ಮರುದೇವಿ ಮಗುವನ್ನು ಎಳೆದುಕೊಂಡು ಹೋಗಿ ಮಕ್ಕಳ ನಡುವೆ ತಾನೂ ಕೂತುಬಿಟ್ಟಳು.

“ನಾನೂ ಇಲ್ಲೇ ಕೂತ್ಕತೀನಿ ಸಾ. ಇದು ಅತ್ರೆ ಇದರ ಓದು ಮುಗೀತು.”

ಮೇಷ್ಟ್ರು ನಶ್ಯ ಏರಿಸಿದರು. “ಅಂಗಾದ್ರೆ ನೀನೂ ಅಕ್ಷರ ತಿದ್ದಮ್ಮ,” ಎಂದು ಅವಳ ಮುಂದೂ ಮರಳು ಹರಡಿದರು.

ಬೀದಿ ನಕ್ಕಿತು. ನಗುವವರ ಹಲ್ಲು ಕಾಣಲಿ ಎಂದು ಮರುದೇವಿ ದಿನವೂ ಹೋದಳು. ಮರಳಲ್ಲಿ ಬೆರಳಿಟ್ಟಳೆಂದರೆ ಸಿಟ್ಟೂ ಇಲ್ಲ, ಮಾತೂ ಇಲ್ಲ. ಸ್ವರಗಳು ಮುಗಿದು ‘ಕ’ ಬಂತು. ಅಷ್ಟರಲ್ಲಿ ಮಗುವಿಗೆ ಪಕ್ಕದ ಹುಡುಗಿಯ ಸ್ನೇಹವಾಗಿತ್ತು.

ಒಂದು ಬೆಳಗ್ಗೆ ಸ್ಕೂಲಿನ ಬಾಗಿಲಲ್ಲಿ ಜ್ವಾಲಾಮಾಲಿನಿ ಅತ್ತೆಯ ಕೈ ಬಿಟ್ಟಳು. “ನೀ ಮನೆಗೋಗತ್ತೆ. ನಂಗೇನ್ ಭಯ ಇಲ್ಲ.”

ಇಷ್ಟೆಲ್ಲ ಮಾಡಿದ್ದು ಅದಕ್ಕೇ ತಾನೆ. ಮರುದೇವಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ತಲೆ ಸವರಿ ಒಳಗೆ ಕಳಿಸಿದಳು. ನಮ್ಮ ಮನೆಯ ಜಗಲಿಯವರೆಗೆ ನಡೆದು ಬಂದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಏನಾಯಿತೇ ಎಂದು ನಮ್ಮಮ್ಮ ಕೇಳಿದರು.

“ಏನಿಲ್ಲ ಕಣಕ್ಕ,” ಎಂದಳು. “ಮೇಷ್ಟ್ರು ಇವತ್ತು ‘ಖ’ ತಿದ್ದುಸ್ತಿದ್ರು.”