ಹಾಲಿನ ಗಾಡಿಯ ಪ್ರತಿಭಾ

ಬನವಾಸಿ ಕಡೆಯ ನಾಗಪ್ಪನ ಮಗಳು ಪ್ರತಿಭಾ ಮೊದಲು ಸ್ಟೇರಿಂಗ್ ಹಿಡಿದದ್ದು ಅಪ್ಪನ ಟ್ರ್ಯಾಕ್ಟರಿನಲ್ಲಿ. ತೊಂಬತ್ತರ ದಶಕದ ಮಾತು. ಕ್ಲಚ್ಚಿಗೆ ಕಾಲು ಮುಟ್ಟುವುದಿಲ್ಲವೆಂದು ಹುಲ್ಲು ತುಂಬಿದ ಗೋಣಿಚೀಲವನ್ನು ಬೆನ್ನಿಗೆ ಒತ್ತಿಟ್ಟುಕೊಂಡು ಗದ್ದೆ ಹೂಡುತ್ತಿದ್ದಳು. ಆಳು ಗಿಡ್ಡ, ಗಂಟಲು ಮಾತ್ರ ಊರಿನ ಆ ತುದಿಗೆ ಕೇಳುವಂಥದ್ದು.

2008ರಲ್ಲಿ ಊರಿನ ಹಾಲಿನ ಸಂಘದವರು ಹೊಸ ಡೀಸೆಲ್ ವ್ಯಾನು ತಂದರು. ಹಳೆಯ ಡ್ರೈವರ್ ಕಲ್ಲಯ್ಯ ವಯಸ್ಸಾಯಿತೆಂದು ಕೆಲಸ ಬಿಟ್ಟಿದ್ದ. ಚಾವಿ ಪ್ರತಿಭಾಳ ಕೈಗೆ ಬಂತು. ಹೆಣ್ಣುಮಗಳು ಹಾಲಿನ ಕ್ಯಾನು ತುಂಬಿಕೊಂಡು ಶಿರಸಿಗೆ ಗಾಡಿ ಹೊಡೆಯುವುದನ್ನು ನೋಡಲು ಮೊದಮೊದಲು ಜನ ಬಸ್‌ಸ್ಟಾಪಿನಲ್ಲಿ ಎದ್ದು ನಿಲ್ಲುತ್ತಿದ್ದರು. ಆಮೇಲೆ ಕುಳಿತೇ ಕೈ ಎತ್ತತೊಡಗಿದರು. ಅವಳು ಗೆದ್ದದ್ದು ಅಲ್ಲೇ.

ಕೆಲವು ತಿಂಗಳು ಕಳೆದ ಮೇಲೆ ಪೀಡೆ ಶುರುವಾಯಿತು. ಗಾಡಿ ಓಡುತ್ತಿರುವಾಗಲೇ ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಹತ್ತುವುದು, ಎಂಜಿನ್ನಿನ ಶಕ್ತಿ ಉಡುಗುವುದು. ಎಕ್ಸಲೇಟರ್ ತುಳಿದು ಹಿಡಿದರೂ ಎತ್ತಿನ ಗಾಡಿಯ ಓಟ. ಎರಡು ಸಲ ಹಾಲು ದಾರಿಯಲ್ಲೇ ಒಡೆಯಿತು. ಹುಬ್ಬಳ್ಳಿಗೆ ಒಯ್ದು ಸೆನ್ಸರ್ ಬದಲಾಯಿಸಿ ತಂದರೂ ಅದೇ ಹಾಡು. ಕೊನೆಗೆ ಪರೀಕ್ಷೆಗೆಂದು ಕಲ್ಲಯ್ಯನನ್ನು ಕೂರಿಸಿದರು. ಅವನು ಶಿರಸಿಗೆ ಹೋಗಿ ಬಂದ, ದೀಪ ಕಣ್ಣು ಸಹ ಮಿಟುಕಿಸಲಿಲ್ಲ. ಮರುದಿನ ಪ್ರತಿಭಾ ಕುಳಿತಳು, ದೀಪ ಹತ್ತಿತು. ಇನ್ನು ಕೇಳಬೇಕೆ? ಸೋಮವಾರದಿಂದ ಬೇರೆ ಡ್ರೈವರ್ ಎಂದು ಸಂಘದ ಕಾರ್ಯದರ್ಶಿ ಶಿವಪುತ್ರಪ್ಪ ಹೇಳಿಬಿಟ್ಟ.

ಭಾನುವಾರ ಬೆಳಿಗ್ಗೆ ಅವಳು ಶಿವಪುತ್ರಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಇಸಳೂರಿನ ನನ್ನ ಗ್ಯಾರೇಜಿಗೆ ಬಂದಳು. ದೀಪ ಉರಿಯುತ್ತಲೇ ಇತ್ತು.

"ಮಂಜಣ್ಣ, ತಪ್ಪು ನಂದಿದ್ರ ನಂದು ಅನ್ರಿ. ಗಾಡೀದಿದ್ರ ಇವರ ಎದುರಿಗೇ ತೋರಸ್ರಿ," ಎಂದಳು.

ನನಗೆ ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ. ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿ ಕಲಿತದ್ದು. ಕಂಪ್ಯೂಟರಿನ ಗಾಡಿಗಳು ಬಂದ ಮೇಲೆ ಅವುಗಳ ಕಂಪ್ಯೂಟರಿನ ಲೆಕ್ಕ ಓದಿ ತೋರಿಸುವ ಹಳೆಯ ಸ್ಕ್ಯಾನರ್ ಒಂದನ್ನು ಕೊಂಡು, ಅದರೊಂದಿಗೆ ಗುದ್ದಾಡಿ ಪಳಗಿಸಿಕೊಂಡವನು ನಾನು. ಈ ಗಾಡಿಗಳಲ್ಲಿ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸಿ ಬಿಡುತ್ತಾರೆ, ಹೊರಗೆ ಹೋಗುವ ವಿಷ ಕಡಿಮೆಯಾಗಲೆಂದು. ಆ ಹೊಗೆ ಎಷ್ಟು ಬಿಸಿಯಿದೆ ಎಂದು ಒಂದು ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತಿರಬೇಕು. ಅತಿ ಬಿಸಿ ಎಂಬ ಸುದ್ದಿ ಹೋದರೆ ಕಂಪ್ಯೂಟರ್ ಹೆದರಿ ಎಂಜಿನ್ನಿನ ಕೈಕಾಲು ಕಟ್ಟಿಹಾಕುತ್ತದೆ.

ನಾನು ಸೀಟಿಗೆ ಹತ್ತಿದೆ. ಮೊಣಕಾಲು ತಾಗಿತೆಂದು ಸೀಟನ್ನು ಹಿಂದಕ್ಕೆ ತಳ್ಳಿ ಸ್ಕ್ಯಾನರ್ ಸಿಕ್ಕಿಸಿದೆ. ಬಿಸಿಯ ಲೆಕ್ಕ ಎಷ್ಟಿರಬೇಕೋ ಅಷ್ಟೇ ಇತ್ತು. ದೀಪ ಆರಿಸಿ ಒಂದು ಸುತ್ತು ಹೊಡೆದು ಬಂದರೂ ಗಾಡಿ ಹಂಸದ ಹಾಗೆ.

ಶಿವಪುತ್ರಪ್ಪ ನಕ್ಕ. "ನೀವು ಕುಂತ್ರ ಸರಿ, ಆಕಿ ಕುಂತ್ರ ಕೆಡತೈತಿ. ಗಾಡಿ ಹೆಂಗಸರ ಕೈಗೆ ಒಗ್ಗೂದಿಲ್ರಿ."

"ಗಾಡಿಗೆ ಗಂಡಸು ಹೆಂಗಸು ಎಂತ ಗೊತ್ತು ಮಾರಾಯ್ರೆ? ಚಾ ಕುಡೀರಿ. ಎಂಜಿನ್ ಆರಲಿ."

ಎಂಜಿನ್ ಪೂರ್ತಿ ತಣಿದ ಮೇಲೆ ಪ್ರತಿಭಾಳನ್ನು ಕರೆದೆ. "ಈಗ ನೀ ಕೂತ್ಕ. ಚಾಲೂ ಮಾಡಬೇಡ, ಚಾವಿ ಮಾತ್ರ ತಿರುಗಿಸು."

ಅವಳು ಹತ್ತಿ ಕುಳಿತು, ಸೀಟನ್ನು ಕಟಕ್ಕನೆ ಮುಂದೆಳೆದುಕೊಂಡು ಚಾವಿ ತಿರುಗಿಸಿದಳು. ಸ್ಕ್ಯಾನರಿನ ಅಂಕಿ ಒಮ್ಮೆಲೇ ಮಾಳಿಗೆಗೆ ಹಾರಿತು. ಗಾಡಿಯ ಅಡಿಗೆ ತೂರಿ ಹೊಗೆಯ ಪೈಪಿಗೆ ಕೈ ಇಟ್ಟು ನೋಡಿದೆ. ಹೊಳೆಯ ಕಲ್ಲಿನಷ್ಟು ತಣ್ಣಗೆ! ಪೈಪು ತಣ್ಣಗಿದೆ, ಸುದ್ದಿ ಮಾತ್ರ ಬೆಂಕಿ. ಯಾರೋ ಸುಳ್ಳು ಹೇಳುತ್ತಿದ್ದಾರೆ.

ಸೆನ್ಸರಿನ ಪ್ಲಗ್ಗನ್ನೇ ಕಿತ್ತೆ. ಬಾಯಿ ಮುಚ್ಚಿಸಿದ ಮೇಲೆ ಅಂಕಿ ಪಾತಾಳಕ್ಕೆ ಇಳಿಯಬೇಕು. ಇಳಿಯಲಿಲ್ಲ. ಅಂದರೆ ಸೆನ್ಸರ್ ನಿರಪರಾಧಿ. ಅಲ್ಲಿಂದ ಕಂಪ್ಯೂಟರಿಗೆ ಹೋಗುವ ತಂತಿ ನಡುದಾರಿಯಲ್ಲಿ ಗಾಡಿಯ ಕಬ್ಬಿಣಕ್ಕೆ ತಾಗುತ್ತಿದೆ; ಹಾಗೆ ತಾಗಿದರೆ ಕಂಪ್ಯೂಟರಿಗೆ ಅದು ಅತಿ ಬಿಸಿ ಎಂದೇ ಕಾಣುತ್ತದೆ. ಎಲ್ಲಿ? ನಾನು ಕುಳಿತಾಗ ಯಾಕಿಲ್ಲ? ಕಲ್ಲಯ್ಯ ಕುಳಿತಾಗ ಯಾಕಿಲ್ಲ? ಆ ಕಟಕ್ ಎಂಬ ಸದ್ದು ಆಗ ನನ್ನ ಕಿವಿಯಲ್ಲಿ ಮತ್ತೆ ಆಡಿತು. ಕಲ್ಲಯ್ಯನೂ ನನ್ನ ಹಾಗೆ ಕಂಬದಂಥ ಆಳು.

"ಪ್ರತಿಭಾ, ಇಳೀಬೇಡ. ಕೂತಲ್ಲೇ ಸೀಟು ಹಿಂದೆ ತಳ್ಳು."

ತಳ್ಳಿದಳು. ಅಂಕಿ ಬುಡಕ್ಕೆ ಬಿತ್ತು.

"ಮುಂದೆ ಎಳಿ."

ಮತ್ತೆ ಮಾಳಿಗೆಗೆ ಹಾರಿತು. ನನಗೆ ಕುಣಿಯಬೇಕೆನಿಸಿತು. ಪ್ಲಗ್ಗನ್ನು ಮೊದಲಿನಂತೆ ಸಿಕ್ಕಿಸಿ, ದೀಪ ಆರಿಸಿ, "ಶಿವಪುತ್ರಪ್ಪನವರೇ, ಈಗ ನೀವು ಬನ್ನಿ. ಸೀಟು ಅಷ್ಟೇ ಮುಂದಿರಲಿ," ಎಂದೆ.

ಅವನು ಬೇಡವೆಂದರೂ ಅವಳು ಬಿಡಲಿಲ್ಲ. ಹೊಟ್ಟೆಯನ್ನು ಸ್ಟೇರಿಂಗಿಗೆ ಒತ್ತಿ, ಮೊಣಕಾಲನ್ನು ಗದ್ದದ ಹತ್ತಿರ ತಂದು ಹೇಗೋ ತೂರಿಕೊಂಡ. ಎಂಜಿನ್ ಚಾಲೂ ಮಾಡಿ ಅಂಗಳ ದಾಟುವಷ್ಟರಲ್ಲಿ ಹಳದಿ ದೀಪ ಜಗ್ಗನೆ ಹತ್ತಿತು.

"ಅಯ್ಯ ಕಾಕಾ, ನಿಮ್ ಕೈಗೂ ಗಾಡಿ ಒಗ್ಗವಲ್ದಲ್ರೀ!" ಎಂದು ಪ್ರತಿಭಾ ಕೂಗಿದ್ದು ಇಡೀ ಇಸಳೂರಿಗೆ ಕೇಳಿರಬೇಕು.

ಸೀಟು ಎತ್ತಿ ತೋರಿಸಿದೆ. ಎಂಜಿನ್ ಇರುವುದೇ ಸೀಟಿನ ಕೆಳಗೆ, ತಂತಿಗಳ ಕಟ್ಟೂ ಅಲ್ಲೇ. ಅದನ್ನು ಹಿಡಿದಿದ್ದ ಪಟ್ಟಿ ಕುಲುಕಾಟಕ್ಕೆ ಕಳಚಿ, ಒಂದು ತಂತಿ ಸೀಟು ಜಾರುವ ಹಳಿಯ ಮುಂತುದಿಗೆ ಬಿದ್ದಿತ್ತು. ಸೀಟು ಮುಂದೆ ಬಂದಾಗಲೆಲ್ಲ ಅದಕ್ಕೆ ಚಿವುಟು. ಸಿಪ್ಪೆ ಸುಲಿದು ಒಳಗಿನ ತಾಮ್ರ ಹೊಳೆಯುತ್ತಿತ್ತು. ರಿಪೇರಿಗೆ ಕೈ ಹಾಕಿದವರೆಲ್ಲ ಉದ್ದ ಕಾಲಿನ ಗಂಡಸರು. ಹತ್ತಿದ ಕೂಡಲೇ ಸೀಟು ಹಿಂದೆ ತಳ್ಳುವುದು, ಕಾಯಿಲೆಯನ್ನು ಕೈಯಾರೆ ಅಡಗಿಸಿ ಆಮೇಲೆ ಅದನ್ನೇ ಹುಡುಕುವುದು. ಆ ಸಾಲಿನಲ್ಲಿ ನಾನೂ ಒಬ್ಬ.

ಹೊಸ ತಂತಿಯ ತುಂಡು ಜೋಡಿಸಿ, ಕೊಳವೆ ತೊಡಿಸಿ, ಹಳಿಗೆ ಎಟುಕದಂತೆ ದೂರ ಬಿಗಿದೆ. ಪ್ರತಿಭಾ ಹತ್ತಿ ಕುಳಿತು ಸೀಟನ್ನು ಮೊದಲಿಗಿಂತ ಇನ್ನೊಂದು ಹಲ್ಲು ಮುಂದಕ್ಕೇ ಎಳೆದುಕೊಂಡಳು. ದೀಪ ಹತ್ತಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಗ್ಯಾರೇಜಿನ ಬಾಗಿಲು ತೆಗೆಯುತ್ತಿದ್ದೆ. ತುಂಬಿದ ಕ್ಯಾನುಗಳ ಹಾಲಿನ ಗಾಡಿ ಏರು ಹತ್ತಿ ಬಂತು, ಮುಂದಿದ್ದ ಇಟ್ಟಿಗೆ ಲಾರಿಯನ್ನು ಹಿಂದೆ ಹಾಕಿ. ಸ್ಟೇರಿಂಗಿನ ಮೇಲೆ ಬರೀ ಒಂದು ತಲೆ ಮತ್ತು ಎರಡು ಕೈ ಕಾಣುತ್ತಿದ್ದವು. ಪಕ್ಕದಲ್ಲಿ ಶಿವಪುತ್ರಪ್ಪ ಸರಳು ಹಿಡಿದು ಕುಳಿತಿದ್ದ.

"ಮಂಜಣ್ಣಾ, ಈಕಿಗೆ ಸಾವಕಾಶ ಹೋಗಾಕ ಹೇಳ್ರಿ!" ಎಂದು ಕಿಟಕಿಯಿಂದ ಕೂಗಿದ.

ಉತ್ತರವನ್ನು ಅವಳು ಹಾರನ್ನಿನಲ್ಲೇ ಕೊಟ್ಟಳು. ಶಿರಸಿಯ ತಿರುವು ಮುಗಿಯುವವರೆಗೂ ಅದು ಕೇಳಿಸುತ್ತಿತ್ತು.