ಸರ್ವಿಸಿಗೆ ಹೋದ ಕಾರು, ಕಾಣೆಯಾದ ತುಂಡು

ಕಾರನ್ನು ಸರ್ವಿಸಿಗೆ ಬಿಡುವ ದಿನ ನನ್ನ ಯಜಮಾನರು ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಡುತ್ತಾರೆ. ನನ್ನ ತವರಿನ ಮದುವೆಗಳಿಗೆ ಈ ಭಾಗ್ಯ ಎಂದೂ ಸಿಕ್ಕಿಲ್ಲ. ಕೊಯಮತ್ತೂರಿನ ಹೊರಗೆ, ಪೆರಿಯನಾಯಕನಪಾಳ್ಯದ ನಮ್ಮ ಮನೆಯಿಂದ ಪೀಳಮೇಡಿನ ಕಂಪನಿ ಶೋರೂಮಿಗೆ ಹೊರಡುವ ಮುಂಚೆ ಕಾರನ್ನೂ ತಾವೇ ತೊಳೆಯುತ್ತಾರೆ.

“ಅಲ್ಲಿ ಹೇಗೂ ತೊಳೀತಾರಲ್ಲಾ?” ಎಂದು ಒಮ್ಮೆ ಕೇಳಿದ್ದೆ.

“ಹಾಗಂತ ಕೊಳೆ ಕಾರು ತಗೊಂಡು ಹೋಗಕ್ಕಾಗುತ್ತಾ? ನೋಡಿದೋರು ಏನಂದ್ಕೊಳ್ತಾರೆ?”

ನೋಡುವವರು ಎಂದರೆ ಟೈ ಕಟ್ಟಿಕೊಂಡ ಸರ್ವಿಸ್ ಅಡ್ವೈಸರ್. ಅಲ್ಲಿ ಏಸಿ ಇದೆ, ಗುಂಡಿ ಒತ್ತಿದರೆ ಕಾಫಿ ಸುರಿಸುವ ಯಂತ್ರ ಇದೆ, ಕೆಲಸ ನಡೆಯುವುದನ್ನು ಕೂತಲ್ಲಿಂದಲೇ ನೋಡಲು ದೊಡ್ಡ ಗಾಜಿನ ಗೋಡೆ ಇದೆ. ಗಾಜಿನಾಚೆ ಕಾಣುವುದೆಲ್ಲ ಬೇರೆಯವರ ಕಾರುಗಳೇ, ಆ ಮಾತು ಬೇರೆ. ‘ನಿಮ್ಮ ವಾಹನ ಈಗ ವಾಷಿಂಗ್‌ನಲ್ಲಿದೆ’ ಎಂದು ಮೊಬೈಲಿಗೆ ಸಂದೇಶ ಬಂದ ಕೂಡಲೇ ನನಗೆ ಫೋನ್ ಮಾಡಿ ಓದಿ ಹೇಳುತ್ತಾರೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತವರ ದನಿಯಲ್ಲಿ.

ಮೊದಲು ಹೀಗಿರಲಿಲ್ಲ. ಹಳೆಯ ಕಾರಿದ್ದಾಗ ಎಲ್ಲದಕ್ಕೂ ಮೆಟ್ಟುಪಾಳ್ಯಂ ರಸ್ತೆಯಿಂದ ಒಳಗೆ, ಎರಡನೇ ತಿರುವಿನ ಶೆಡ್ಡೇ ಗತಿ. ಯಜಮಾನರು ಲುಂಗಿಯಲ್ಲೇ ಹೋಗಿ ಬಂದುಬಿಡುತ್ತಿದ್ದರು. ಅಲ್ಲಿನ ಮೆಕ್ಯಾನಿಕ್ ನಮ್ಮ ಹಾಗೆಯೇ ನೇಕಾರರ ಮನೆಯಿಂದ ಬಂದವರು, ಮನೆಯೊಳಗೆ ತಮಿಳು ಬೆರೆಸಿದ ಕನ್ನಡ ಆಡುವವರು. ನನ್ನ ಅತ್ತೆಯನ್ನು ಅಕ್ಕಾ ಎನ್ನುತ್ತಾರೆ, ಯಜಮಾನರನ್ನು ತಂಬಿ ಎನ್ನುತ್ತಾರೆ. ಎಂಜಿನ್ ಶುರು ಮಾಡಿ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಆಮೇಲೆ ಅತ್ತೆಯ ಮೊಣಕಾಲು ನೋವಿನ ಕಥೆಯನ್ನೂ ಹಾಗೇ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ.

ಹೊಸ ಕಾರು ಬಂದ ಮೇಲೆ, ಹೊರಗೆ ತೋರಿಸಿದರೆ ವಾರಂಟಿ ಹೋಗುತ್ತದೆ ಎಂದು ಶೆಡ್ಡು ತಪ್ಪಿತು. ಯಜಮಾನರಿಗೆ ಅದೆಷ್ಟು ಸಂಕೋಚವೆಂದರೆ, ಮೂರು ವರ್ಷ ಆ ತಿರುವನ್ನೇ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಬರುತ್ತಿದ್ದರು. ನನಗೆ ಅಂಥ ತೊಂದರೆ ಇರಲಿಲ್ಲ. ಮನೆಯ ಹಳೆಯ ಹತ್ತಿಬಟ್ಟೆಗಳನ್ನೆಲ್ಲ ಒಂದು ಚೀಲದಲ್ಲಿ ಕೂಡಿಟ್ಟು, ತುಂಬಿದಾಗ ಶೆಡ್ಡಿಗೆ ಕೊಟ್ಟು ಬರುವುದು ಮಾವನ ಕಾಲದಿಂದ ನಡೆದುಬಂದ ಅಭ್ಯಾಸ. ತರಕಾರಿಗೆ ಹೋಗುವ ದಾರಿಯಲ್ಲಿ ನಾನೇ ಕೊಡುತ್ತಿದ್ದೆ. ಎಣ್ಣೆ ಕೈ ಒರೆಸಲು ತಿರುಪ್ಪೂರಿನ ಕಾರ್ಖಾನೆಗಳಿಂದ ಬನಿಯನ್ ವೇಸ್ಟ್ ಎಂಬ ಚಿಂದಿ ಮೂಟೆಗಟ್ಟಲೆ ಬರುತ್ತದೆ, ಆದರೂ ಅವರು ನಮ್ಮ ಚೀಲವನ್ನು ಬೇಡವೆಂದವರಲ್ಲ. ಹೊಸ ಕಾರಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. “ಅಕ್ಕನ ಕಾಲು ಹೇಗಿದೆ ಅಮ್ಮಣಿ?” ಅಷ್ಟೇ.

ಈಚೆಗೆ ವಾರಂಟಿ ಮುಗಿಯಿತು. ಅದೇ ತಿಂಗಳು, ಭಾನುವಾರದ ಅಮಾವಾಸ್ಯೆಗೆ ಆನೈಮಲೈಗೆ ಹೋಗಿ ಗುಡಿಯಲ್ಲಿ ಮಾಸಾಣಿ ಅಮ್ಮನನ್ನು ನೋಡಬೇಕು ಎಂದು ಅತ್ತೆ ಆಸೆಪಟ್ಟರು. ದೂರದ ದಾರಿ, ಮೊದಲು ಸರ್ವಿಸ್ ಆಗಲಿ ಎಂದಾಯಿತು.

“ವಾರಂಟಿ ಮುಗೀತಲ್ಲ ಕಣ್ಣು, ಇನ್ನು ಶೆಡ್ಡಿಗೇ ಬಿಡು,” ಎಂದು ಅತ್ತೆ ಮಗನನ್ನು ಮುದ್ದುಗರೆದರು.

“ಇದರಲ್ಲಿ ಎಲ್ಲಾ ಕಂಪ್ಯೂಟರ್ ಅಮ್ಮಾ. ಆ ಮಿಷನ್ ಶೆಡ್ಡಿನ ಅಣ್ಣನ ಹತ್ರ ಎಲ್ಲಿದೆ?”

“ನಿನ್ನ ಹೆರೋವಾಗ ನಮ್ಮೂರಲ್ಲಿ ಯಾವ ಮಿಷನ್ ಇತ್ತು? ನಾನು ಹೆರಲಿಲ್ವಾ?”

ಆದರೂ ಯಜಮಾನರು ಸೋಮವಾರ ಬೆಳಿಗ್ಗೆ ಶೇವ್ ಮಾಡಿಕೊಂಡು ಪೀಳಮೇಡಿಗೆ ಹೊರಟರು.

ಮಂಗಳವಾರ ಬೆಳಿಗ್ಗೆ ಬಟ್ಟೆಯ ಚೀಲ ತುಂಬಿತ್ತೆಂದು ನಾನು ಶೆಡ್ಡಿಗೆ ಕೊಟ್ಟುಬಂದೆ. ಸಂಜೆ ಡಾಕ್ಟರಲ್ಲಿಗೆ ಹೋಗಲು, ಸರ್ವಿಸ್ ಆಗಿ ಬಂದಿದ್ದ ಕಾರು ಹತ್ತಿದ ಅತ್ತೆ, ಕೂತವರೇ ಮತ್ತೆ ಇಳಿದರು.

“ನನ್ನ ತುಂಡೆಲ್ಲಿ?”

ತುಂಡು ಎಂದರೆ ನಮ್ಮ ಕಡೆ ಟವಲು. ಆದರೆ ಅತ್ತೆ ‘ನನ್ನ ತುಂಡು’ ಎಂದರೆ ಲೋಕದಲ್ಲಿ ಒಂದೇ. ಮಾವ ತೀರಿಕೊಂಡ ವರ್ಷ ಅವರ ಕೈಮಗ್ಗದಿಂದ ಇಳಿದ ಕೊನೆಯ ಬಟ್ಟೆ. ಬಿಳಿ ಮೈ, ಇಟ್ಟಿಗೆ ಬಣ್ಣದ ಅಂಚು. ಕೈಯಲ್ಲಿ ಬಲವಿಲ್ಲದಾಗ ನೇಯ್ದದ್ದು, ಒಂದು ಕಡೆಯ ಅಂಚು ಸ್ವಲ್ಪ ಓಲಾಡುತ್ತದೆ. ಅದನ್ನು ಪೆಟ್ಟಿಗೆಯಲ್ಲಿಡಿ ಎಂದರೆ, “ಅವರು ನೇಯ್ದದ್ದು ಒರೆಸಿಕೊಳ್ಳಲಿ ಅಂತ, ಪೂಜೆ ಮಾಡಲಿ ಅಂತ ಅಲ್ಲ,” ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ತಲೆ ಆನಿಸುವಲ್ಲಿ ಹಾಸಿಕೊಂಡು ಕೂರುವರು. ತಲೆಯ ಕೊಬ್ಬರಿ ಎಣ್ಣೆ ಇಳಿದು ಇಳಿದು ಅದರಲ್ಲಿ ಅಂಗೈಯಗಲ ಕಲೆ. ನಾನು ಎಷ್ಟು ಒಗೆದರೂ ಹೋಗದ್ದು.

ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಎಲ್ಲ ಕಡೆ ಹುಡುಕಿದೆವು. ಇಲ್ಲ.

“ಕಂಪನಿಯೋರೇ ತೆಗೆದಿದ್ದಾರೆ,” ಎಂದರು ಅತ್ತೆ.

“ಅಮ್ಮಾ, ಏಸಿ ಶೋರೂಮಲ್ಲಿ ಆ ಹಳೇ ತುಂಡು ಯಾರಿಗೆ ಬೇಕು?”

“ಶೆಡ್ಡಲ್ಲಾದ್ರೆ ಒಬ್ಬನ ಮುಖ ನೋಡಿ ಕೇಳಬಹುದು. ಅಲ್ಲಿ ಎಲ್ಲರದ್ದೂ ಒಂದೇ ಬಣ್ಣದ ಶರ್ಟು. ಯಾರನ್ನ ಅಂತ ಹಿಡೀಲಿ?” ಕಾರಿನ ಬಾಗಿಲು ಹಾಕಿ ಹೇಳಿದರು: “ಪರವಾಯಿಲ್ಲ. ಭಾನುವಾರ ಆನೈಮಲೈಗೆ ಹೇಗೂ ಹೋಗ್ತೀವಲ್ಲ. ಮೆಣಸಿನಕಾಯಿ ಅರೆದುಬಿಡ್ತೀನಿ.”

ವಸ್ತು ಕಳೆದುಕೊಂಡವರು, ಮೋಸಹೋದವರು ಆ ಗುಡಿಯಲ್ಲಿ ಕೆಂಪು ಮೆಣಸಿನಕಾಯಿ ಅರೆದು ಅಮ್ಮನ ಕಲ್ಲಿಗೆ ಹಚ್ಚುತ್ತಾರೆ. ಯಾರು ತಪ್ಪು ಮಾಡಿದರೋ ಅವರಿಗೆ ಉರಿ ಹತ್ತುತ್ತದೆ ಎಂಬುದು ನಂಬಿಕೆ. ತಮಾಷೆಗೆ ಆಡುವ ಮಾತಲ್ಲ. ಅತ್ತೆ ಬುಧವಾರ ಬೆಳಿಗ್ಗೆಯೇ ಮೊರದ ಮುಂದೆ ಕೂತು ಒಳ್ಳೊಳ್ಳೆಯ ಮೆಣಸಿನಕಾಯಿ ಆರಿಸಿ, ತೊಟ್ಟು ಮುರಿದು, ಹಳದಿ ಚೀಲಕ್ಕೆ ತುಂಬತೊಡಗಿದರು.

ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ, ಸಹಿ ಇರುವ ಕಾಗದವನ್ನು ಕೊನೆಯ ಸಾಲಿನ ತನಕ ಓದಬೇಕು ಎಂದು ಕಲಿಸಿದ್ದರು. ಮಧ್ಯಾಹ್ನ ಕಾರಿನ ಜಾಬ್ ಕಾರ್ಡ್ ತೆಗೆದು ಓದಿದೆ. ಗಾಡಿ ಒಳಗೆ ಬಿಟ್ಟಾಗ ಅದರಲ್ಲಿ ಏನೇನಿತ್ತು ಎಂದು ಇಂಗ್ಲಿಷಿನಲ್ಲಿ ಪಟ್ಟಿಯೇ ಇತ್ತು: ಸ್ಟೆಪ್ನಿ ಒಂದು, ಜಾಕ್ ಒಂದು, ಮ್ಯಾಟ್ ನಾಲ್ಕು, ಪಿಳ್ಳೆಯಾರ್ ಒಂದು. ಡ್ಯಾಶ್‌ಬೋರ್ಡಿನ ಆ ಹೆಬ್ಬೆರಳು ಗಾತ್ರದ ಗಣಪತಿಯನ್ನೂ ಬಿಡದೆ ಬರೆದಿದ್ದರು. ತುಂಡು ಇರಲಿಲ್ಲ. ಕೆಳಗೆ ಯಜಮಾನರ ಸಹಿ.

ಅಂದರೆ ತುಂಡು ಪೀಳಮೇಡಿಗೆ ಹೋಗಿಯೇ ಇಲ್ಲ.

ಸಂಜೆ ಕಾಫಿ ಕೊಡುತ್ತಾ ಮೆಲ್ಲಗೆ ಕೇಳಿದೆ. “ಏನುಂಗ, ಸೋಮವಾರ ಕಾರು ತೊಳೆದಿರಲ್ಲ, ಒಳಗಿದ್ದದ್ದನ್ನೆಲ್ಲ ಏನು ಮಾಡಿದಿರಿ?”

ಲೋಟ ಅರ್ಧದಲ್ಲೇ ನಿಂತಿತು. “ಆ ಎಣ್ಣೆ ಕಲೆ ನೀನೇ ನೋಡಿದ್ದೀಯಲ್ಲ. ಆ ಅಡ್ವೈಸರ್ ಮುಂದೆ ಬಾಗಿಲು ತೆಗೆದಾಗ... ಸುಮ್ನೆ ತೆಗೆದು ಹಿತ್ತಲ ಬಾಗಿಲ ಹತ್ರ ಒಂದು ಚೀಲದಲ್ಲಿ ಇಟ್ಟೆ. ಅಪ್ಪುರಂ ಮರೆತೇಹೋಯ್ತು.”

“ಹಳೇ ಬಟ್ಟೆ ಚೀಲದಲ್ಲಾ?”

“ಆ ಚೀಲ ಎಲ್ಲಿ?”

“ನಾನು ನಿನ್ನೆ ಶೆಡ್ಡಿಗೆ ಕೊಟ್ಟೆ.”

ಇಬ್ಬರೂ ಒಳಗಿನ ಹಳದಿ ಚೀಲದ ಕಡೆ ನೋಡಿದೆವು. ತೆಗೆದವರು ಇವರು, ಸಾಗಿಸಿದವಳು ನಾನು. ಉರಿ ಹತ್ತಿದರೆ ಇಬ್ಬರಿಗೂ ಸಮಪಾಲು.

“ಅಮ್ಮನ ಹತ್ರ ಹೇಳಿಬಿಡಿ,” ಎಂದೆ.

“ಮೊದಲು ತುಂಡು ಸಿಗಲಿ,” ಎಂದರು.

ಗುರುವಾರ, ಮೂರು ವರ್ಷದ ಮೇಲೆ, ನಮ್ಮ ಕಾರು ಎರಡನೇ ತಿರುವಿನಲ್ಲಿ ಒಳಗೆ ತಿರುಗಿತು. ಶೇವ್ ಮಾಡಿಕೊಳ್ಳುವಷ್ಟು ವ್ಯವಧಾನ ಇರಲಿಲ್ಲ. ಸರ್ವಿಸ್ ಆದಾಗಿನಿಂದ ಹಿಂದುಗಡೆ ಟಕ್ ಟಕ್ ಎಂದು ಒಂದು ಸದ್ದು ಬೇರೆ ಇತ್ತು. ದಾರಿಯುದ್ದಕ್ಕೂ ಅದೂ ನಮ್ಮನ್ನೇ ಬೈಯುತ್ತಿರುವಂತೆ ಕೇಳಿಸಿತು.

“ಬಾ ತಂಬಿ! ದಾರಿ ತಪ್ಪಿತಾ?” ಎಂದರು ಮೆಕ್ಯಾನಿಕ್.

“ಇಲ್ಲಣ್ಣಾ... ಅಮ್ಮನ ಒಂದು ತುಂಡು... ಚೀಲದಲ್ಲಿ ಸೇರಿ ಬಂದುಬಿಟ್ಟಿದೆ. ಕೆಂಪಂಚಿಂದು.”

ಅವರು ಶೆಡ್ಡಿನ ಪಕ್ಕದ ಹಗ್ಗದ ಕಡೆ ಕೈ ತೋರಿಸಿದರು. ಅದೇ ಓಲಾಡುವ ಅಂಚು. ತುಂಡು ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಕಲೆ ಇದ್ದ ಗುರುತೇ ಇಲ್ಲ.

“ಇದು ಅಕ್ಕನದಾ? ಅಯ್ಯಯ್ಯೋ! ಕೈಮಗ್ಗದ್ದು, ಇದರಷ್ಟು ಚೆನ್ನಾಗಿ ಗಾಜು ಒರೆಸೋ ಬಟ್ಟೆ ಸಿಗಲ್ಲ ಅಂತ ಒಗೆದು ಎತ್ತಿಟ್ಟೆ. ಬನಿಯನ್ ವೇಸ್ಟಾದ್ರೆ ನೂಲು ಬಿಡುತ್ತೆ. ನೆನ್ನೆ ಎರಡು ಕಾರಿನ ಗಾಜು ಒರೆಸಿದ್ದೂ ಆಯ್ತು.”

“ಆ ಕಲೆ ಹೇಗೆ ಹೋಯ್ತಣ್ಣಾ?” ಎಂದೆ, ನನ್ನ ಚಿಂತೆ ನನಗೆ.

“ಎಣ್ಣೆ ತೆಗೆಯೋದೇ ನಮ್ಮ ಪಿಳೈಪ್ಪು, ನಮ್ಮ ಹೊಟ್ಟೆಪಾಡು ಅಮ್ಮಣಿ. ಅದೂ ಬರದಿದ್ರೆ ಬದುಕೋದು ಹೇಗೆ?”

ತುಂಡನ್ನು ಮಡಿಸಿ ನನ್ನ ಕೈಗಿಟ್ಟವರು ಯಜಮಾನರ ಕಡೆ ತಿರುಗಿ, “ಬಾನೆಟ್ ತೆಗಿ,” ಎಂದರು. ಯಜಮಾನರು ಮಾರ್ಕ್ಸ್ ಕಾರ್ಡ್ ಕೊಡುವ ಮಗುವಿನ ಹಾಗೆ ತೆಗೆದರು. ಎಂಜಿನ್ ಶುರುವಾಯಿತು, ಮೆಕ್ಯಾನಿಕ್ಕಿನ ಕಣ್ಣು ಮುಚ್ಚಿತು. ನಾನು, ಈಗ ಕಂಪನಿಯವರ ಮಾನ ಹೋಗುತ್ತದೆ ಎಂದು ಕಾದೆ.

“ಚೆನ್ನಾಗೇ ಮಾಡಿದ್ದಾರೆ,” ಎಂದರು. “ಒಂದು ಕುಂದೂ ಇಲ್ಲ.”

“ಹಿಂದೆ ಟಕ್ ಟಕ್ ಅನ್ನುತ್ತಲ್ಲಣ್ಣಾ?”

ಡಿಕ್ಕಿ ತೆಗೆದು ನೋಡಿ ನಕ್ಕರು. “ಜಾಕ್ ಕೆಳಗೆ ಗೋಣಿ ತುಂಡು ಇರುತ್ತಿತ್ತಲ್ಲ, ಅದೆಲ್ಲಿ?”

ಅದನ್ನೂ ಸೋಮವಾರ ಬೆಳಿಗ್ಗೆ ಯಜಮಾನರು ಮರ್ಯಾದೆಗೆ ಅಂಜಿ ಎಸೆದಿದ್ದರು. ಮೆಕ್ಯಾನಿಕ್ ಒಂದು ಹಿಡಿ ಬನಿಯನ್ ವೇಸ್ಟ್ ತುರುಕಿದರು. ಸದ್ದು ನಿಂತಿತು.

ಈಗ ಉಳಿದದ್ದು ಅತ್ತೆಯ ಮುಂದೆ ಬಾಯಿ ಬಿಡುವುದು. ಆದರೆ ಮನೆಗೆ ಬಂದ ಯಜಮಾನರಿಗೆ ಬೇರೆಯೇ ಯೋಚನೆ ಹೊಳೆದಿತ್ತು. “ಇಷ್ಟು ಬೆಳ್ಳಗಿದ್ರೆ ಗೊತ್ತಾಗಿಬಿಡುತ್ತೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿಬಿಡು. ಸೀಟಿನ ಸಂದಿಯಲ್ಲಿ ಸಿಕ್ತು ಅಂತ ಹೇಳೋಣ.”

ಸಿಸ್ಟರುಗಳು ಸುಳ್ಳು ಹೇಳಬಾರದು ಎಂದು ಬಹಳ ಹೇಳಿದ್ದರು, ಆದರೆ ಎಣ್ಣೆ ಕಲೆಯ ಬಗ್ಗೆ ಏನೂ ಹೇಳಿರಲಿಲ್ಲ. ಹಚ್ಚಿದೆ.

ಭಾನುವಾರ ಹೊರಟೆವು. ಬೆಳಿಗ್ಗೆ ಒಗ್ಗರಣೆಗೆ ತೆಗೆದಾಗ ಮೆಣಸಿನಕಾಯಿ ಡಬ್ಬ ಇರಬೇಕಾದ್ದಕ್ಕಿಂತ ಜಾಸ್ತಿ ತುಂಬಿದ ಹಾಗೆ ಕಂಡಿತು, ಗಡಿಬಿಡಿಯಲ್ಲಿ ಯೋಚಿಸಲಿಲ್ಲ. ಅತ್ತೆ ಹಳದಿ ಚೀಲ ಹಿಡಿದು ಕಾರು ಹತ್ತಿದರು. ತಮ್ಮ ಜಾಗದಲ್ಲಿ ತುಂಡು ಹಾಸಿತ್ತು.

“ಸೀಟಿನ ಸಂದಿಯಲ್ಲಿ ಇತ್ತಮ್ಮಾ,” ಎಂದರು ಯಜಮಾನರು, ಕನ್ನಡಿಯನ್ನೂ ನೋಡದೆ.

“ಹೂಂ,” ಎಂದರು ಅತ್ತೆ. ತಲೆ ಆನಿಸಿಕೊಂಡರು. ಚೀಲ ಮಾತ್ರ ಮಡಿಲಲ್ಲೇ ಇತ್ತು.

ಕೊಯಮತ್ತೂರು ದಾಟಿತು. ಕಿಣತ್ತುಕಡವು ದಾಟಿತು. ಏಸಿ ಇದ್ದರೂ ಯಜಮಾನರ ಕುತ್ತಿಗೆಯ ಹಿಂದೆ ಬೆವರು ಸಾಲುಗಟ್ಟುವುದು ನನಗೆ ಕಾಣುತ್ತಿತ್ತು. ಪೊಳ್ಳಾಚಿ ಬಂದಾಗ ತಡೆಯಲಾಗದೆ, “ಸಿಕ್ತಲ್ಲಮ್ಮಾ, ಇನ್ನು ಆ ಮೆಣಸಿನಕಾಯಿ ಯಾಕೆ?” ಎಂದರು.

“ಸಿಕ್ಕಿದ್ದು ಸರಿ. ತೆಗೆದವನಿಗೆ ಬುದ್ಧಿ ಬರಬೇಡ್ವಾ?”

ಪೊಳ್ಳಾಚಿ ದಾಟಿ, ರಸ್ತೆಯ ಎರಡೂ ಕಡೆ ತೆಂಗಿನತೋಪು ಶುರುವಾದ ಕೂಡಲೇ ಕಾರು ಬದಿಗೆ ನಿಂತಿತು. ಯಜಮಾನರು ಹಿಂದಕ್ಕೆ ತಿರುಗಿ ಒಂದೇ ಉಸಿರಿಗೆ ಎಲ್ಲ ಹೇಳಿದರು: ಅಡ್ವೈಸರ್, ಚೀಲ, ಶೆಡ್ಡು, ಹಗ್ಗ. ಎಣ್ಣೆಯದೊಂದು ಬಿಟ್ಟು. “ಅಪ್ಪನ ತುಂಡು ನೋಡಿ ನಾಚಿಕೆಪಟ್ಟೆನಮ್ಮಾ. ತಪ್ಪಾಯ್ತು.”

“ಗೊತ್ತು,” ಎಂದರು ಅತ್ತೆ. “ಗುರುವಾರ ಸಾಯಂಕಾಲವೇ ಶೆಡ್ಡಿಂದ ಫೋನ್ ಬಂತು. ‘ಅಕ್ಕಾ, ತಿಳೀದೆ ನಿಮ್ಮ ತುಂಡಲ್ಲಿ ಗಾಜು ಒರೆಸಿಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ’ ಅಂತ. ತಪ್ಪಿಲ್ಲದವನೇ ಅವತ್ತೇ ಹೇಳ್ಕೊಂಡ. ನನ್ನ ಮಗನಿಗೆ ಪೊಳ್ಳಾಚಿ ದಾಟಬೇಕಾಯ್ತು.”

“ಮತ್ತೆ ಆ ಚೀಲ?”

ಅತ್ತೆ ಚೀಲ ಬಿಚ್ಚಿ ಡಬ್ಬಿ ತೆಗೆದರು. ಹುರಿದ ಮಜ್ಜಿಗೆ ಮೆಣಸಿನಕಾಯಿ. “ಬುತ್ತಿಯ ಪುಳಿಸಾದಕ್ಕೆ ನೆಂಚಿಕೊಳ್ಳೋಕೆ. ಕೆಂಪು ಮೆಣಸಿನಕಾಯಿ ಶುಕ್ರವಾರವೇ ಡಬ್ಬಕ್ಕೆ ಸುರಿದೆ. ಹೆತ್ತ ಮಗನ ಮೇಲೆ ಅರೀತಾರಾ ಯಾರಾದ್ರೂ?” ಆಮೇಲೆ ನನ್ನ ಕಡೆ ತಿರುಗಿದರು. “ಅಮ್ಮಣಿ, ನಾನು ಎಡಗಡೆ ವಾಲಿ ನಿದ್ದೆ ಮಾಡೋಳು. ಕಲೆ ಸರೀ ನಡೂವೆ ಹೇಗೆ ಬಂತು?”

ನಾನು ತೆಂಗಿನಮರಗಳನ್ನು ನೋಡತೊಡಗಿದೆ.

ಗುಡಿಯಲ್ಲಿ ಮೆಣಸಿನಕಾಯಿ ಅರೆಯುವವರ ಪಕ್ಕದಲ್ಲಿ ಹೋಗುವಾಗ ಮಾತ್ರ ಯಜಮಾನರ ಹೆಜ್ಜೆ ಚುರುಕಾಗಿತ್ತು.

ಮುಂದಿನ ಸರ್ವಿಸಿಗೂ ಅವರು ಶೇವ್ ಮಾಡಿಕೊಂಡು ಪೀಳಮೇಡಿಗೇ ಹೋದರು. ಆ ಕಾಫಿ ಯಂತ್ರವನ್ನು ಬಿಡಲು ಮನಸ್ಸಿಲ್ಲ. ಬರುವಾಗ ಎರಡನೇ ತಿರುವಿನಲ್ಲಿ ಒಳಗೆ ಹೋಗಿ ಒಮ್ಮೆ ಬಾನೆಟ್ ತೆಗೆದು ತೋರಿಸಿಯೂ ಬಂದರಂತೆ. ಜಾಬ್ ಕಾರ್ಡನ್ನು ನಾನು ಕೊನೆಯ ಸಾಲಿನ ತನಕ ಓದಿದೆ. ಸ್ಟೆಪ್ನಿ ಒಂದು, ಜಾಕ್ ಒಂದು, ಮ್ಯಾಟ್ ನಾಲ್ಕು, ಪಿಳ್ಳೆಯಾರ್ ಒಂದು. ಅದರ ಕೆಳಗೆ, ಯಜಮಾನರೇ ಅಡ್ವೈಸರಿಗೆ ಹೇಳಿ ಬರೆಸಿದ್ದು: ಕೈಮಗ್ಗದ ಟವಲು ಒಂದು, ಎಣ್ಣೆ ಕಲೆ ಇದೆ, ಒಗೆಯಬಾರದು.